ಧಾರವಾಡ ಸ್ಟೇಷನ್ ಹಚ್ಚು!

ಮಕ್ಕಳೇ, ಮನೆಯಲ್ಲಿ ಬೆಳಗಾವಿ ಜಿಲ್ಲೆಯ ನಕಾಶೆ ಇದ್ದರೆ ಒಮ್ಮೆ ಹರಡಿ ನೋಡಿ. ಕೆಳಗಿನ ಅಂಚಿನಲ್ಲಿ ಕಿತ್ತೂರು, ಅದರ ಮೇಲೆ ಬೈಲಹೊಂಗಲ, ಬಲಕ್ಕೆ ಸರಿದರೆ ಸವದತ್ತಿ, ಇನ್ನೂ ಬಲಕ್ಕೆ ಮೇಲಕ್ಕೆ ಹೋದರೆ ರಾಮದುರ್ಗ. ನಾಲ್ಕೂ ಊರು ಸೇರಿ ಬಿಲ್ಲಿನಂತೆ ಬಾಗಿ ನಿಂತಿವೆ. ಆ ಬಿಲ್ಲಿನ ಕೆಳಗೆ, ಪಕ್ಕದ ಜಿಲ್ಲೆಯಲ್ಲಿ, ಧಾರವಾಡ ಕುಳಿತಿದೆ. ನಾಲ್ಕು ಊರುಗಳಿಂದಲೂ ಧಾರವಾಡಕ್ಕೆ ನೇರ ಗೆರೆ ಎಳೆದರೆ ಸುಮಾರು 30ರಿಂದ 60 ಕಿಲೋಮೀಟರ್ ಆದೀತು.

ಈ ಊರುಗಳಲ್ಲಿ ಅಜ್ಜ ಅಜ್ಜಿ ಇರುವ ಯಾವ ಮನೆಗಾದರೂ ಹೋಗಿ, "ನೀವು ಸಣ್ಣವರಿದ್ದಾಗ ರೇಡಿಯೋದಾಗ ಯಾವ ಸ್ಟೇಷನ್ ಹಚ್ಚತಿದ್ರಿ?" ಎಂದು ಕೇಳಿ. ಹೆಚ್ಚಿನವರು ಯೋಚನೆಯನ್ನೇ ಮಾಡದೆ "ಧಾರವಾಡ" ಎನ್ನುತ್ತಾರೆ. ಕಳೆದ ದಸರೆಯ ರಜೆಯಲ್ಲಿ ಏಳನೆಯ ಇಯತ್ತೆಯ ನನ್ನ ಮೊಮ್ಮಗಳನ್ನು ಕರೆದುಕೊಂಡು ಈ ನಾಲ್ಕು ಊರು ಸುತ್ತಿ ಬಂದೆ. ನಮ್ಮ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಶೇಂಗಾದ ಉಂಡಿ, ಒಂದು ದಿಕ್ಸೂಚಿ ಮತ್ತು ನನ್ನ ಹಳೆಯ ಟ್ರಾನ್ಸಿಸ್ಟರ್ ಇದ್ದವು.

ಟ್ರಾನ್ಸಿಸ್ಟರ್ ಯಾಕೆಂದರೆ, ಅದನ್ನು ರಾಮದುರ್ಗದಲ್ಲಿರುವ ನನ್ನ ಅಕ್ಕನಿಗೆ ಮುಟ್ಟಿಸಬೇಕಿತ್ತು. ಅಕ್ಕನಿಗೆ 81 ವರ್ಷ. ಕಣ್ಣು ಮಂಜಾಗಿ, ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಿನವೆಲ್ಲ ಜೊತೆಗಿದ್ದ ಅವಳ ರೇಡಿಯೋ ಕೆಟ್ಟು ನಾಲ್ಕು ತಿಂಗಳಾಗಿತ್ತು.

"ಅಜ್ಜಾ, ಆಯಿಗೆ ಒಂದ ಮೊಬೈಲ್ ಕೊಟ್ರ ಮುಗೀತಲ್ಲ? ಅದರಾಗ ಧಾರವಾಡ ಆಕಾಶವಾಣಿನೂ ಬರತೈತಿ" ಎಂದಳು ಮೊಮ್ಮಗಳು.

"ಬರತೈತಿ. ನೀ ಕಣ್ಣು ಮುಚ್ಚಿ ನನ್ನ ಮೊಬೈಲಿನ್ಯಾಗ ಧಾರವಾಡ ಹುಡುಕಿ ಕೊಡು ನೋಡೋಣ" ಎಂದೆ.

ಅವಳು ಕಣ್ಣು ಮುಚ್ಚಿ ನುಣ್ಣನೆಯ ಗಾಜಿನ ಮೇಲೆ ಬೆರಳಾಡಿಸಿದಳು. ಮೊದಲು ಲೆಕ್ಕದ ಯಂತ್ರ ತೆರೆಯಿತು, ಆಮೇಲೆ ಕ್ಯಾಮೆರಾ. ಮೂರನೆಯ ಸಲ ಯಾರಿಗೋ ಫೋನ್ ಹೋಯಿತು. ಕಣ್ಣು ಬಿಟ್ಟು, "ರೇಡಿಯೋನ ಒಯ್ಯೋಣ" ಎಂದಳು.

ಅರ್ಧ ಬಲ್ಬಿನಿಂದ ಮೂರು ಸಾವಿರ ಬಲ್ಬಿಗೆ

ಬೆಳಗಾವಿಯಿಂದ ಕಿತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಅವಳಿಗೆ ಧಾರವಾಡ ಕೇಂದ್ರದ ಕಥೆ ಹೇಳಿದೆ. ಅದನ್ನು ನಿಮಗೂ ಹೇಳುತ್ತೇನೆ.

ಕನ್ನಡ ನಾಡಿನಲ್ಲಿ ರೇಡಿಯೋ ಮೊದಲು ಮಾತಾಡಿದ್ದು ಮೈಸೂರಿನಲ್ಲಿ, 1935ರಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಯಂತ್ರವಿಟ್ಟು ಪ್ರಸಾರ ಶುರು ಮಾಡಿದರು. 30 ವ್ಯಾಟ್ ಎಂದರೆ ಹಳೆಯ 60 ವ್ಯಾಟಿನ ಬಲ್ಬಿನ ಅರ್ಧ ಶಕ್ತಿ! ಆ ನಿಲಯಕ್ಕೆ ಇದ್ದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ಧಾರವಾಡದ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಭಾರತ ಗಣರಾಜ್ಯವಾಗಲು ಇನ್ನೂ 18 ದಿನ ಬಾಕಿ ಇತ್ತು. ಆಗ ದಿಲ್ಲಿಯಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾಗಿದ್ದವರು ಧಾರವಾಡದಲ್ಲೇ ಹುಟ್ಟಿದ ರಂಗನಾಥ ದಿವಾಕರರು. ಧಾರವಾಡ ಕೇಂದ್ರದ ಅಲೆ ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಅದರ ಪ್ರಸಾರ ಯಂತ್ರದ ಶಕ್ತಿ 200 ಕಿಲೋವ್ಯಾಟ್, ಅಂದರೆ ಅದೇ 60 ವ್ಯಾಟಿನ ಬಲ್ಬು ಮೂರು ಸಾವಿರಕ್ಕೂ ಹೆಚ್ಚು.

"765 ಕಿಲೋಹರ್ಟ್ಸ್ ಅಂದ್ರ ಏನ ಅಜ್ಜಾ?"

"ಆ ಅಲೆ ಒಂದು ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಮ್ಯಾಲ ಕೆಳಗ ಆಗತೈತಿ. ಒಂದು ಅಲೆ ಎಷ್ಟ ಉದ್ದ ಇರಬೇಕು ಹೇಳು?"

ಅವಳು ನೋಟುಬುಕ್ಕು ತೆಗೆದು ಲೆಕ್ಕ ಹಾಕಿದಳು. ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಓಡುತ್ತದೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಭಾಗಿಸಿದಾಗ ಸುಮಾರು 392 ಮೀಟರ್ ಬಂತು. ಅಷ್ಟು ಉದ್ದದ ಅಲೆ ಸಣ್ಣ ದಿನ್ನೆ, ಗಿಡ, ಗೋಡೆಗಳಿಗೆ ಹೆದರುವುದಿಲ್ಲ. ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡೇ ದೂರದವರೆಗೆ ಹೋಗುತ್ತದೆ. ಎಫ್‌ಎಂ ಅಲೆ ಕೇವಲ ಮೂರು ಮೀಟರಿನಷ್ಟು. ಅದು ಬ್ಯಾಟರಿ ದೀಪದ ಬೆಳಕಿನಂತೆ ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಧ್ವನಿ ಸ್ವಚ್ಛ, ಆದರೆ ಹರವು ಚಿಕ್ಕದು.

ಕಿತ್ತೂರು

ಕಿತ್ತೂರಿನ ಕೋಟೆಯಲ್ಲಿ ಅಕ್ಟೋಬರ್ 23ರ ಉತ್ಸವಕ್ಕೆ ತಯಾರಿ ನಡೆದಿತ್ತು. 1824ರ ಅದೇ ದಿನ ರಾಣಿ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯ ದಂಡನ್ನು ಸೋಲಿಸಿತು. ಥ್ಯಾಕರೆ ಅಲ್ಲೇ ಸತ್ತ. ಬಿದ್ದ ಅರಮನೆಯ ಗೋಡೆಗಳ ನಡುವೆ ನಡೆಯುತ್ತ ನಾವು ಒಂದು ದುಂಡು ಕಿಂಡಿಯ ಮುಂದೆ ನಿಂತೆವು. ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂಡಿಸಿದ್ದು ಅದು. ಮೊಮ್ಮಗಳು ದಿಕ್ಸೂಚಿ ಹಿಡಿದು ನೋಡಿ, "ಖರೇನ ಉತ್ತರಕ್ಕೈತಿ!" ಎಂದು ಕುಣಿದಳು.

"ಗೋಡೆ ಉತ್ತರ ತೋರಿಸ್ತು. ಈಗ ರೇಡಿಯೋ ಧಾರವಾಡ ತೋರಿಸತೈತಿ ನೋಡು" ಎಂದು ಟ್ರಾನ್ಸಿಸ್ಟರ್ ಹಚ್ಚಿದೆ.

ಇದು ನೀವೂ ಮಾಡಬಹುದಾದ ಆಟ. ಮೀಡಿಯಂ ವೇವಿನಲ್ಲಿ ಒಂದು ಸ್ಟೇಷನ್ ಹಿಡಿಯಿರಿ. ರೇಡಿಯೋವನ್ನು ನಿಲ್ಲಿಸಿಕೊಂಡು, ಗಿರಣಿಯ ಕಲ್ಲಿನಂತೆ ನಿಧಾನ ತಿರುಗಿಸುತ್ತ ಹೋಗಿ. ಒಂದು ಕಡೆ ಧ್ವನಿ ಗಟ್ಟಿ, ಇನ್ನೊಂದು ಕಡೆ ಕ್ಷೀಣ. ಎಲ್ಲಿ ತೀರ ಕ್ಷೀಣವಾಗುತ್ತದೋ ಅಲ್ಲಿ ನಿಲ್ಲಿಸಿ. ಆಗ ರೇಡಿಯೋದ ಎಡ ಬಲದ ತುದಿಗಳನ್ನು ಸೇರಿಸುವ ಗೆರೆ ಸ್ಟೇಷನ್ನಿನ ಕಡೆಗೆ ಮುಖ ಮಾಡಿರುತ್ತದೆ.

ಮೊಮ್ಮಗಳು ಕೋಟೆಯ ಕಟ್ಟೆಯ ಮೇಲೆ ರೇಡಿಯೋ ತಿರುಗಿಸಿ, ಧ್ವನಿ ಅಡಗಿದ ಕಡೆ ದಿಕ್ಸೂಚಿ ಇಟ್ಟಳು. ಒಂದು ತುದಿ ಆಗ್ನೇಯಕ್ಕೆ, ಇನ್ನೊಂದು ವಾಯವ್ಯಕ್ಕೆ. "ಅಜ್ಜಾ, ಧಾರವಾಡ ಈ ಕಡೆ ಇರಬಹುದು, ಆ ಕಡೆನೂ ಇರಬಹುದಲ್ಲ?" ಎಂದಳು. ಒಳ್ಳೆಯ ಪ್ರಶ್ನೆ. ಒಂದೇ ಊರಿನ ಗೆರೆ ಸಾಲದು. ಇನ್ನೊಂದು ಊರಿನಿಂದ ಇನ್ನೊಂದು ಗೆರೆ ಎಳೆದರೆ ಎರಡೂ ಕೂಡುವಲ್ಲಿ ಸ್ಟೇಷನ್. ಅವಳು ನಕಾಶೆಯಲ್ಲಿ ಕಿತ್ತೂರಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಮಡಚಿಟ್ಟಳು.

ಅಲ್ಲಿ ಕುಳಿತಾಗ ಅವಳಿಗೆ ಇನ್ನೊಂದು ಮಾತು ಹೇಳಿದೆ. ಧಾರವಾಡ ಕೇಂದ್ರ ಹುಟ್ಟಿದಾಗ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ರಾಮದುರ್ಗ 1948ರವರೆಗೆ ಬೇರೆಯೇ ಸಂಸ್ಥಾನ. ಕನ್ನಡಿಗರು ಮೈಸೂರು, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು. ಅಂದರೆ ಆರು ವರ್ಷಕ್ಕೂ ಹೆಚ್ಚು ಕಾಲ ಮೊದಲೇ ಧಾರವಾಡದ ಕನ್ನಡ ಗಡಿಗಳನ್ನು ಲೆಕ್ಕಿಸದೆ ಮನೆ ಮನೆ ಹೊಕ್ಕಿತ್ತು.

ಬೈಲಹೊಂಗಲ

ಬೈಲಹೊಂಗಲ ಹತ್ತಿಯ ಪೇಟೆ. ಸೆರೆಯಲ್ಲಿ ತೀರಿಕೊಂಡ ಚೆನ್ನಮ್ಮನ ಸಮಾಧಿ ಇರುವುದೂ ಇಲ್ಲೇ. ಅಲ್ಲಿ ಕೈಮುಗಿದು ಬಂದು ರೇಡಿಯೋ ಹಚ್ಚಿದರೆ ಮುಳ್ಳು ಅಲುಗಾಡಲಿಲ್ಲ. ಗುಂಡಿ ತಿರುಗುತ್ತದೆ, ಮುಳ್ಳು ಮಾತ್ರ ನಿಂತಲ್ಲೇ ನಿಂತಿದೆ. ಪೇಟೆಯಲ್ಲಿ ವಿಚಾರಿಸಿದಾಗ ಒಬ್ಬ ಹಿರಿಯ ಮಿಸ್ತ್ರಿಯ ಅಂಗಡಿ ತೋರಿಸಿದರು. ಹೊರಗೆ ಮೊಬೈಲಿನ ಬಣ್ಣದ ಫಲಕ, ಒಳಗೆ ಮೂಲೆಯಲ್ಲಿ ಧೂಳು ಹಿಡಿದ ಹತ್ತಾರು ರೇಡಿಯೋ.

"ಮುಳ್ಳು ಎಳಿಯೂ ದಾರ ಸಡಲ ಆಗೇತ್ರಿ ಮಾಸ್ತರ" ಎಂದು ಅವರು ಹಿಂದಿನ ಮುಚ್ಚಳ ತೆಗೆದರು. ಮೊಮ್ಮಗಳು ಕತ್ತು ಚಾಚಿದಳು. ಮೇಲಿನ ಅಂಚಿನಲ್ಲಿ ಪೆನ್ಸಿಲಿನಂತಹ ಕರಿ ಕಡ್ಡಿ, ಅದಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಒತ್ತಾಗಿ ಸುತ್ತಿತ್ತು.

"ಇದ ನೋಡವಾ ರೇಡಿಯೋದ ಕಿವಿ. ಫೆರೈಟ್ ಅಂತಾರ. ಅಲೆ ಇದಕ್ಕ ಅಡ್ಡ ಬಂದ್ರ ಚಲೋ ಕೇಳತೈತಿ, ತುದಿ ಕಡೆಯಿಂದ ಬಂದ್ರ ಕೇಳೂದಿಲ್ಲ." ಕೋಟೆಯ ಕಟ್ಟೆಯ ಮೇಲೆ ರೇಡಿಯೋ ಯಾಕೆ ಅಡಗಿತೆಂದು ಈಗ ಅವಳಿಗೆ ತಿಳಿಯಿತು.

"ಮೊದಲ ದಿನಕ್ಕ ಹತ್ತು ಸೆಟ್ ಬರತಿದ್ದವ್ರಿ. ಈಗ ತಿಂಗಳಿಗೆ ಒಂದು ಬಂದ್ರ ಹೆಚ್ಚು" ಎಂದರು ಮಿಸ್ತ್ರಿ. ದಾರ ಬಿಗಿದು ರೇಡಿಯೋ ಹಚ್ಚಿದರು. ಧಾರವಾಡ ಬಂತು, ಅದರ ಜೊತೆಗೆ ಗೊರ್‌ರ್ ಎಂಬ ಸದ್ದೂ ಬಂತು. ಅವರು ಕೈಚಾಚಿ ಮೇಜಿನ ಮೇಲಿನ ಎಲ್‌ಇಡಿ ದೀಪ ಆರಿಸಿದರು. ಸದ್ದು ಅರ್ಧ ಇಳಿಯಿತು. ಎರಡು ಮೊಬೈಲ್ ಚಾರ್ಜರ್ ಕಿತ್ತರು, ಇನ್ನಷ್ಟು ಇಳಿಯಿತು.

ಇದರ ಕಾರಣ ಇಷ್ಟೇ. ಧಾರವಾಡದ ಅಲೆಯಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಯುತ್ತದೆ. ಇದಕ್ಕೇ ಎಎಂ ಎನ್ನುವುದು. ಮಿಂಚು ಹೊಡೆದರೂ, ಕೆಲವು ದೀಪ ಮತ್ತು ಚಾರ್ಜರ್‌ಗಳು ಉರಿದರೂ ಅವುಗಳ ಅಲೆಯೂ ಇದರೊಳಗೆ ಸೇರಿ ಎತ್ತರ ಕೆಡಿಸುತ್ತದೆ. ನಮ್ಮ ಮನೆಗಳಲ್ಲಿ ಇಂಥ ಸಾಮಾನು ಹೆಚ್ಚಿದಷ್ಟೂ ರೇಡಿಯೋಗೆ ಕಿವಿಗೊಡುವುದು ಕಷ್ಟವಾಗುತ್ತ ಬಂದಿದೆ. ಎಷ್ಟೋ ಜನ "ಸ್ಟೇಷನ್ ಕೆಟ್ಟೈತಿ" ಅನ್ನುತ್ತಾರೆ, ಆದರೆ ಗದ್ದಲ ಹಲವು ಸಲ ಅವರದೇ ಮನೆಯೊಳಗಿನದು.

ಮಿಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ. ಅದರ ಬದಲಿಗೆ ಚಹಾ ತರಿಸಿ ನಾಟಕದ ಮಾತು ತೆಗೆದರು. ಬೈಲಹೊಂಗಲವೆಂದರೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಊರು. ಇಬ್ಬರು ಜೀವದ ಗೆಳೆಯರು, ನಂಬಿಕೆ, ದ್ರೋಹ, ಕೊಲೆ, ಇವೆಲ್ಲ ಈ ಊರಿನ ಪೇಟೆಯಲ್ಲೇ ನಡೆಯುವ ಕಥೆ. ನಮ್ಮ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದ್ದಾರೆ.

"ಬಯಲಾಗ ಆಟ ನೋಡೂದು ಒಂದ ನಮೂನಿ, ರೇಡಿಯೋದಾಗ ನಾಟಕ ಕೇಳೂದು ಒಂದ ನಮೂನಿರಿ. ಬಯಲಾಗ ಸಂಗ್ಯಾ ಹ್ಯಾಂಗಿದ್ದಾನ ಅಂತ ಎಲ್ಲಾರಿಗೂ ಕಾಣತೈತಿ. ರೇಡಿಯೋದಾಗ ನನಗ ಬ್ಯಾರೆ ಸಂಗ್ಯಾ, ನನ್ನ ಹೇಣತಿಗೆ ಬ್ಯಾರೆ ಸಂಗ್ಯಾ!" ಎಂದು ನಕ್ಕರು.

ರೇಡಿಯೋ ನಾಟಕದಲ್ಲಿ ಕಣ್ಣಿಗೆ ಏನೂ ಇಲ್ಲ, ಎಲ್ಲ ಕಿವಿಗೆ. ತೆಂಗಿನ ಎರಡು ಕರಟ ಬಡಿದರೆ ಕುದುರೆ ಬಂತು. ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು. ಬಾಯಿಂದ ಮೈಕು ದೂರವಾದರೆ ಮನುಷ್ಯ ಹೊರಟುಹೋದ ಎಂದರ್ಥ. ಇದು ರೇಡಿಯೋ ನಾಟಕದವರ ಹಳೆಯ ವಿದ್ಯೆ. ಮೊಮ್ಮಗಳು ಚಹಾದ ಎರಡು ಕಾಗದದ ಕಪ್ಪು ಬೋರಲು ಮಾಡಿ ಮೇಜಿಗೆ ಟಕಟಕ ಬಡಿದಳು. "ಥ್ಯಾಕರೆ ಬಂದಾ!" ಎಂದರು ಮಿಸ್ತ್ರಿ.

ಹೊರಡುವ ಮೊದಲು ಅಂಗಡಿಯ ಮುಂದಿನ ಬಯಲಿನಲ್ಲಿ ಎರಡನೆಯ ಗೆರೆ ಸಿಕ್ಕಿತು. ದಕ್ಷಿಣಕ್ಕೆ, ಕೊಂಚ ಪೂರ್ವಕ್ಕೆ ವಾಲಿ. ನಕಾಶೆಯಲ್ಲಿ ಎರಡು ಗೆರೆ ಕೂಡಿದ್ದು ಧಾರವಾಡದ ಮಗ್ಗುಲಲ್ಲೇ.

ಸವದತ್ತಿ

ಸವದತ್ತಿಯಲ್ಲಿ ಇಳಿದು ಟಂಟಂ ಹತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದೆವು. "ಉಧೋ ಉಧೋ" ಎಂಬ ಕೂಗು, ಭಂಡಾರದ ಹಳದಿ, ಬಳೆ ಅಂಗಡಿಗಳ ಸಾಲು. ದರ್ಶನ ಮುಗಿಸಿ, ಅಂಗಡಿಗಳಿಂದ ದೂರ ಒಂದು ಬಂಡೆಯ ಮೇಲೆ ಕುಳಿತು ರೇಡಿಯೋ ಹಚ್ಚಿದೆವು. ಇಲ್ಲಿ ದೀಪವಿಲ್ಲ, ಚಾರ್ಜರ್ ಇಲ್ಲ. ಧ್ವನಿ ಪಕ್ಕದಲ್ಲೇ ಯಾರೋ ಕುಳಿತು ಮಾತಾಡಿದಂತೆ ಬಂತು. ಜಾನಪದ ಹಾಡು ಬರುತ್ತಿತ್ತು.

ಚೌಡಿಕೆ ಹಿಡಿದ ಒಬ್ಬ ಹಿರಿಯಾಕೆ ಹಾದು ಹೋಗುತ್ತಿದ್ದವರು ನಿಂತರು. "ಧಾರವಾಡೇನ್ರಿ?" ಎಂದು ಕೇಳಿ, ಹಾಡು ಮುಗಿಯುವವರೆಗೂ ನಮ್ಮ ಪಕ್ಕದಲ್ಲೇ ಕುಳಿತರು. "ನಮ್ಮ ಹಾಡು ಪೆಟ್ಟಿಗ್ಯಾಗ ಹೊಕ್ಕು ಹೊಳ್ಳಿ ನಮ್ಮ ಕಡೇನ ಬರತೈತಿ ನೋಡ್ರಿ" ಎಂದು ನಕ್ಕು, ತಾವೂ ಒಂದು ನುಡಿ ಹಾಡಿ ಹೋದರು.

ಅವರು ಹೇಳಿದ್ದು ಸರಿಯಾದ ಮಾತು. ಒಂದು ಸ್ಟೇಷನ್ ದೊಡ್ಡದಾಗುವುದು ಯಂತ್ರದಿಂದಷ್ಟೇ ಅಲ್ಲ. ಧಾರವಾಡದ ಸುತ್ತಲಿನ ಮಣ್ಣಿನಲ್ಲಿ ಹಾಡುವವರು, ಬರೆಯುವವರು ದಂಡಿಯಾಗಿದ್ದರು. ಕೇಂದ್ರ ಅವರನ್ನು ಕರೆದು ಕೂರಿಸಿತು. ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರರು ಕೇಂದ್ರದ ಸಂಗೀತ ಸಲಹೆಗಾರರಾಗಿದ್ದರು. ದ. ರಾ. ಬೇಂದ್ರೆಯವರು ಸಾಹಿತ್ಯದ ಸಲಹೆಗಾರರಾಗಿದ್ದರು. ನಗೆಬರಹದ ಎನ್ಕೆ ಕುಲಕರ್ಣಿಯವರು ಅಲ್ಲೇ ಕೆಲಸ ಮಾಡಿದರು. ಇದೇ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ, 103 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ನಾಟಕವೆಂದರೆ ಊಟ ಬಿಟ್ಟು ಓಡುವ ಇಂಥ ನಾಡಿನಲ್ಲಿ ರೇಡಿಯೋ ನಾಟಕಕ್ಕೆ ಕೇಳುಗರು ಕಡಿಮೆಯಾಗುವುದುಂಟೆ?

ಇನ್ನೊಂದು ಸಂಗತಿ ಭಾಷೆಯದು. ನಾನು ಸಣ್ಣವನಿದ್ದಾಗ ಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ. "ಬಂದಾನ, ಹೋಗ್ಯಾನ" ಎಂದು ಬರೆದರೆ ಶಾಲೆಯಲ್ಲಿ ಕೆಂಪು ಗೆರೆ ಬೀಳುತ್ತಿತ್ತು. ಆದರೆ ಸಂಜೆ ರೈತರ ಕಾರ್ಯಕ್ರಮದಲ್ಲಿ, ನಾಟಕದಲ್ಲಿ, ರೇಡಿಯೋದೊಳಗಿನ ದೊಡ್ಡ ಮನುಷ್ಯರು ನಮ್ಮಪ್ಪನ ಹಾಗೆಯೇ ಮಾತಾಡುತ್ತಿದ್ದರು! ನಮ್ಮ ಮಾತಿಗೂ ಮರ್ಯಾದೆ ಇದೆ ಎಂದು ನನಗೆ ಮೊದಲು ಹೇಳಿಕೊಟ್ಟದ್ದು ಆ ಪೆಟ್ಟಿಗೆ. ಇದು ನಮ್ಮಲ್ಲಿ ಮಾತ್ರವಲ್ಲ. ದೂರದ ಫಿಲಿಪ್ಪೀನ್ಸ್ ದೇಶದ ಉತ್ತರ ಭಾಗದಲ್ಲಿ ಇಲೊಕಾನೊ ಎಂಬ ಭಾಷೆಯಿದೆ. ರಾಜಧಾನಿಯ ಕಡೆಯ ಭಾಷೆ ಟಾಗಲಾಗ್. ಅಲ್ಲಿಯ ಎಎಂ ನಿಲಯಗಳು ಇಲೊಕಾನೊದಲ್ಲೇ ಸುದ್ದಿ, ನಾಟಕ ಕೊಡುತ್ತ ಬಂದಿವೆ. ಅಲ್ಲಿಯ ಅಜ್ಜಿಯರೂ ಸಂಜೆ ರೇಡಿಯೋ ಮುಂದೆ ಕೂರುವವರೇ.

ಸವದತ್ತಿಯ ಗೆರೆ ದಕ್ಷಿಣಕ್ಕೆ, ಕೊಂಚ ಪಶ್ಚಿಮಕ್ಕೆ ವಾಲಿತು. ಬೈಲಹೊಂಗಲದಲ್ಲಿ ಎಡಕ್ಕೆ ವಾಲಿದ್ದು ಇಲ್ಲಿ ಬಲಕ್ಕೆ. ನಾವು ಧಾರವಾಡದ ಸುತ್ತ ಸುಮಾರು ಕಾಲು ಚಕ್ಕಡಿಗಾಲಿಯಷ್ಟು ಬಂದಿದ್ದೆವು.

ರಾಮದುರ್ಗ

ರಾಮದುರ್ಗ ಮುಟ್ಟುವಾಗ ಹೊತ್ತು ಮುಳುಗಿತ್ತು. ಮಲಪ್ರಭೆಯ ದಂಡೆಯ ಊರು, ನೇಕಾರರ ಊರು. ಅಕ್ಕ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಕಾಲಸಪ್ಪಳಕ್ಕೇ "ತಮ್ಮಾ ಬಂದೇನೋ?" ಎಂದಳು. ಮೊಮ್ಮಗಳ ತಲೆ, ಮುಖ, ಜಡೆ ಎಲ್ಲ ಕೈಯಿಂದಲೇ ನೋಡಿ, "ಎಷ್ಟ ಎತ್ತರ ಆಗಿಯವಾ" ಎಂದಳು. ಆಮೇಲೆ ರೇಡಿಯೋ ಕೈಗೆ ಕೊಟ್ಟೆವು.

ಹಚ್ಚಿದರೆ ಬರೀ ಖರ ಖರ! ಧಾರವಾಡದ ಧ್ವನಿ ಗದ್ದಲದ ಒಳಗೆ ಎಲ್ಲೋ ಮುಳುಗಿತ್ತು. ನೇರ ಗೆರೆಯಲ್ಲಿ ಈ ಊರು 60 ಕಿಲೋಮೀಟರ್. ಸುತ್ತ ಮನೆ ಮನೆಯಲ್ಲಿ ದೀಪ, ಟಿವಿ, ಚಾರ್ಜರ್. ತಿರುಗಿಸಿ ನೋಡಿದೆವು, ಕಿಟಕಿಯಲ್ಲಿಟ್ಟು ನೋಡಿದೆವು. ಅಕ್ಕ ಏನೂ ಅನ್ನಲಿಲ್ಲ. ಮಡಿಲಲ್ಲಿ ಕೈ ಕಟ್ಟಿ ಕುಳಿತಳು. ಇಷ್ಟು ದೂರ ತಂದದ್ದು ವ್ಯರ್ಥವಾಯಿತೇ ಎಂದು ನನಗೆ ಎದೆ ಭಾರವಾಯಿತು.

ಊಟಕ್ಕೆ ಕುಳಿತಾಗ ಕರೆಂಟು ಹೋಯಿತು. ಇಡೀ ಓಣಿ ಕತ್ತಲು. ಆ ಕತ್ತಲಿನಲ್ಲಿ ಮೂಲೆಯ ರೇಡಿಯೋ ಥಟ್ಟನೆ ತಿಳಿಯಾಗಿ ಮಾತಾಡತೊಡಗಿತು. ಗದ್ದಲ ಮಾಡುವ ಸಾಮಾನೆಲ್ಲ ಒಂದೇ ಸಲ ಮಲಗಿದ್ದವು.

"ಧಾರವಾಡ!" ಎಂದಳು ಅಕ್ಕ. ರೊಟ್ಟಿ ಹಿಡಿದ ಕೈ ಹಾಗೇ ನಿಂತಿತ್ತು.

ಊಟ ಮುಗಿದ ಮೇಲೂ ನಾವು ದೀಪ ಹಚ್ಚಲಿಲ್ಲ. ಅಕ್ಕ 2019ರ ಆಗಸ್ಟಿನ ಮಾತು ಹೇಳಿದಳು. ಆ ವರ್ಷ ಮಲಪ್ರಭೆಗೆ ದೊಡ್ಡ ನೆರೆ ಬಂದು ರಾಮದುರ್ಗದ ಓಣಿಗಳಲ್ಲಿ ನೀರು ನಿಂತಿತ್ತು. "ಕರೆಂಟ್ ಇಲ್ಲ, ಮೊಬೈಲ್ ಎಲ್ಲಾ ಸತ್ತಿದ್ದವು. ನನ್ನ ರೇಡಿಯೋ ಎರಡ ಸೆಲ್ಲಿನ ಮ್ಯಾಲ ಮಾತಾಡತಿತ್ತು. ಓಣಿ ಮಂದಿ ಎಲ್ಲಾ ಮಾಳಗಿ ಮ್ಯಾಲ ನನ್ನ ಸುತ್ತ ಕುಂತಿದ್ರು. ಕಣ್ಣಿಲ್ಲದಾಕಿ ಅವತ್ತ ಎಲ್ಲಾರಿಗೂ ಸುದ್ದಿ ಹೇಳಾಕಿ ಆಗಿದ್ನಿ" ಎಂದಳು.

ರಾತ್ರಿ ಹೆಚ್ಚಾದಂತೆ ಮುಳ್ಳು ಸರಿಸಿದಲ್ಲೆಲ್ಲ ಬೇರೆ ಬೇರೆ ಭಾಷೆಗಳು ತೇಲಿ ಬಂದವು. ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದವರೆಗೆ ಅಯಾನುಗೋಳ ಎಂಬ ಪದರಗಳಿವೆ. ಹಗಲಿನಲ್ಲಿ ಬಿಸಿಲಿನಿಂದ ಅದರ ಕೆಳಪದರ ಗಟ್ಟಿಯಾಗಿ, ಮೇಲೇರುವ ಮೀಡಿಯಂ ವೇವನ್ನು ನುಂಗಿಬಿಡುತ್ತದೆ. ರಾತ್ರಿ ಕೆಳಪದರ ಕರಗಿದಾಗ ಅಲೆ ಮೇಲಿನ ಪದರಕ್ಕೆ ಬಡಿದು ಚೆಂಡಿನಂತೆ ದೂರದ ಊರಿಗೆ ಇಳಿಯುತ್ತದೆ. ಅದಕ್ಕೇ ಹಗಲು ಕೇಳದ ಊರುಗಳು ರಾತ್ರಿ ಕೇಳುತ್ತವೆ.

ಬೆಳಿಗ್ಗೆ ಎದ್ದಾಗ ಮೊಮ್ಮಗಳು ಆಗಲೇ ಕೆಲಸದಲ್ಲಿದ್ದಳು. ಮನೆಯ ಎಲ್ಲ ಮೂಲೆಗಳಲ್ಲಿ ರೇಡಿಯೋ ಇಟ್ಟು ನೋಡಿ, ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಗದ್ದಲ ಅತಿ ಕಡಿಮೆ ಎಂದು ಕಂಡುಹಿಡಿದಿದ್ದಳು. ಗೂಡಿನಲ್ಲಿ ರೇಡಿಯೋದ ಮುಖ ನೈರುತ್ಯಕ್ಕೆ. ಪಕ್ಕದ ಎಲ್‌ಇಡಿ ಬಲ್ಬನ್ನು ಕಳಚಿ ಬೇರೆ ಕೋಣೆಗೆ ಸಾಗಿಸಿದ್ದಳು. ಆಮೇಲೆ ಅಡುಗೆಮನೆಯಿಂದ ಎರಡು ಜೋಳದ ಕಾಳು ತಂದು ಫೆವಿಕಾಲ್ ಹಚ್ಚಿ, ಒಂದನ್ನು ತಿರುಗುವ ಗುಂಡಿಗೆ, ಇನ್ನೊಂದನ್ನು ಅದರ ಪಕ್ಕದ ಪೆಟ್ಟಿಗೆಗೆ ಅಂಟಿಸಿದಳು. ಎರಡು ಕಾಳು ಎದುರಾದಾಗ ಮುಳ್ಳು 765ರ ಮೇಲೆ ನಿಲ್ಲುತ್ತದೆ.

"ಆಯೀ, ಬೆರಳಿಟ್ಟು ತಿರುವು."

ಅಕ್ಕ ತಿರುಗಿಸಿದಳು. ಕಾಳಿಗೆ ಕಾಳು ಕೂಡಿತು. ಧಾರವಾಡ ಬಂತು. ಅವಳು ಬೇಕೆಂದೇ ಮುಳ್ಳು ಸರಿಸಿದಳು, ಮತ್ತೆ ಕೂಡಿಸಿದಳು. ಹೀಗೆ ನಾಲ್ಕೈದು ಸಲ.

ಮರುದಿನ ಬೆಳಿಗ್ಗೆ ಅಕ್ಕ ತಾನೇ ಎದ್ದು ರೇಡಿಯೋ ಹಚ್ಚಿದಳು. ಮೊದಲು ಬಂದದ್ದು ಆಕಾಶವಾಣಿಯ ಆ ಪರಿಚಿತ ರಾಗ, ತಂಬೂರಿಯ ಮೇಲೆ ಪಿಟೀಲು. ಅದನ್ನು ಕಟ್ಟಿದವರು ವಾಲ್ಟರ್ ಕಾಫ್‌ಮನ್ ಎಂಬ ಯುರೋಪಿನ ಯಹೂದಿ ಸಂಗೀತಗಾರರು. ಹಿಟ್ಲರನ ಕಾಲದಲ್ಲಿ ಮುಂಬಯಿಗೆ ಬಂದು, ಅಲ್ಲಿಯ ರೇಡಿಯೋದಲ್ಲಿ ಸಂಗೀತದ ಕೆಲಸ ಮಾಡಿದರು. ನೆಲೆ ಹುಡುಕಿ ಬಂದ ಆ ಮನುಷ್ಯನ ರಾಗ ಕೇಳುತ್ತಲೇ ನಮ್ಮ ಅಕ್ಕನಂಥವರು 70 ವರ್ಷದಿಂದ ಒಲೆ ಹಚ್ಚಿದ್ದಾರೆ.

"ಈ ಸ್ಟೇಷನ್ ಯಾವಾಗಲೂ ಇರತೈತೇನ ಅಜ್ಜಾ?" ಎಂದು ಕೇಳಿದಳು ಮೊಮ್ಮಗಳು. ಇದಕ್ಕೆ ಸುಳ್ಳು ಹೇಳುವಂತಿರಲಿಲ್ಲ. ದೊಡ್ಡ ಎಎಂ ಯಂತ್ರಗಳಿಗೆ ವಿದ್ಯುತ್ತು ಬಹಳ ಬೇಕು, ಅವು ಹಳೆಯದಾಗಿವೆ. ದೇಶದ ಹಲವು ಕಡೆ ಮೀಡಿಯಂ ವೇವ್ ನಿಲ್ಲಿಸಿ ಎಫ್‌ಎಂ ಹಾಕಿದ್ದಾರೆ. ಮೊಬೈಲಿನಲ್ಲಿ ಯಾರು, ಎಷ್ಟು ಹೊತ್ತು ಕೇಳಿದರೆಂಬ ಲೆಕ್ಕ ತಾನಾಗಿಯೇ ಸಿಗುತ್ತದೆ. ರೇಡಿಯೋದಲ್ಲಿ ಹಾಗಲ್ಲ. ಅಲೆ ಬರುತ್ತದೆ, ಕಿವಿಗೆ ಬೀಳುತ್ತದೆ, ಕೇಳಿದವರ ಗುರುತು ಹಿಂದಕ್ಕೆ ಹೋಗುವುದಿಲ್ಲ.

"ಹಂಗಾರ ಆಯಿ ಕೇಳತಾಳ ಅಂತ ಅವರಿಗೆ ಗೊತ್ತ ಇಲ್ಲೇನ?"

"ನಾವು ಹೇಳಿದ್ರ ಗೊತ್ತಾಗತೈತಿ."

ಅವಳು ನೋಟುಬುಕ್ಕಿನ ಹಾಳೆ ಕಿತ್ತಳು. ಅಕ್ಕ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು. "ಧಾರವಾಡ ಆಕಾಶವಾಣಿಯವರಿಗೆ ರಾಮದುರ್ಗದಿಂದ ನಮಸ್ಕಾರ. ನಾಲ್ಕು ತಿಂಗಳು ರೇಡಿಯೋ ಕೆಟ್ಟಿತ್ತು, ಈಗ ಸುದ್ದಾಗೇತಿ. ನಾನು ದಿನಾ ಕೇಳ್ತೀನಿ. ನಿಮ್ಮ ಧ್ವನಿ ಇಲ್ಲಿ ಮುಟ್ಟತೈತಿ. ಒಂದು ಕೇಳಿಕೆ, ಕಿತ್ತೂರು ಚೆನ್ನಮ್ಮನ ಲಾವಣಿ ಇದ್ದರ ಹಚ್ಚರಿ, ಮೊಮ್ಮಗಳಿಗೆ ಕೇಳಸೂದೈತಿ."

ಮೊಮ್ಮಗಳು ‘ಸುದ್ದಾಗೇತಿ’ ಎಂಬಲ್ಲಿ ಪೆನ್ನು ನಿಲ್ಲಿಸಿ, "ಇದನ್ನ ಪುಸ್ತಕದ ಕನ್ನಡದಾಗ ಬರೀಲೇನ ಅಜ್ಜಾ?" ಎಂದು ಕೇಳಿದಳು.

"ಬ್ಯಾಡ. ಆಯಿ ಹ್ಯಾಂಗ ಹೇಳ್ಯಾಳ ಹಂಗ ಬರಿ" ಎಂದೆ.

ಪತ್ರ ಮಡಚುವ ಮೊದಲು ಅವಳು ನಾಲ್ಕು ಗೆರೆಗಳ ನಕಾಶೆಯನ್ನೂ ಅದರೊಳಗೆ ಸೇರಿಸಿದಳು. ರಾಮದುರ್ಗದ ಅಂಚೆ ಕಚೇರಿಯ ಕೆಂಪು ಡಬ್ಬಿಗೆ ಅದನ್ನು ಹಾಕಿ, ಬೆಳಗಾವಿಯ ಬಸ್ಸು ಹಿಡಿದೆವು.